ಇಮ್ಯುನಿಟಿ ಬೂಸ್ಟರ್ ಇರುವುದು ಲಸಿಕೆಯ ಸೀಸೆಯಲ್ಲಿ

ಕೋವ್ಯಾಕ್ಸಿನ್‌ನ ಒಂದು ಡೋಸ್ ಎಂದರೆ ಅರ್ಧ ಮಿಲಿಲೀಟರ್. ಅದರಲ್ಲಿ ಸತ್ತ ವೈರಸ್ ಇರುವುದು ಬರೀ 6 ಮೈಕ್ರೊಗ್ರಾಂ. ಜೊತೆಗೆ 250 ಮೈಕ್ರೊಗ್ರಾಂ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಜೆಲ್, ಆ ಜೆಲ್ಲಿಗೆ ಅಂಟಿಸಿದ 15 ಮೈಕ್ರೊಗ್ರಾಂ ಇಮಿಡಜೊಕ್ವಿನೊಲಿನ್ ಜಾತಿಯ ರಾಸಾಯನಿಕ. ದೇಹ ಗುರುತು ಹಿಡಿಯಬೇಕಾದ ಶತ್ರುವಿಗಿಂತ ಗದ್ದಲ ಎಬ್ಬಿಸಿ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುವ ಸಾಮಾನೇ ತೂಕದಲ್ಲಿ ನಲವತ್ತು ಪಟ್ಟಿಗೂ ಹೆಚ್ಚು. 2021ರಲ್ಲಿ ಸಾಲಿನಲ್ಲಿ ನಿಂತು ಇದನ್ನು ಚುಚ್ಚಿಸಿಕೊಂಡ ಬಹಳ ಮಂದಿ ಮನೆಗೆ ಹೋಗಿ ‘ಇಮ್ಯುನಿಟಿ ಬೂಸ್ಟರ್’ ಕಷಾಯ ಕುಡಿದರು. ನಿಜವಾದ ಬೂಸ್ಟರ್ ಆಗಲೇ ತೋಳಿನೊಳಗಿತ್ತು.

ಕಷಾಯವನ್ನು ಹೀಯಾಳಿಸಲು ಈ ಮಾತು ಹೇಳುತ್ತಿಲ್ಲ. ಗಂಟಲು ಕೆರೆಯುವಾಗ ಬಿಸಿ ಶುಂಠಿ, ಮೆಣಸು ಹಿತವೇ. ತೊಡಕು ಇರುವುದು ‘ಬೂಸ್ಟ್’ ಎಂಬ ಪದದಲ್ಲಿ. ರೋಗನಿರೋಧಕ ಶಕ್ತಿ ಓವರ್‌ಹೆಡ್ ಟ್ಯಾಂಕಿನ ನೀರಿದ್ದ ಹಾಗೆ, ಮಟ್ಟ ಏರಿಸಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಆ ಪದದ ಬೆನ್ನಿಗೆ ಬರುತ್ತದೆ. ಉಸಿರಾಟದ ವೈರಸ್‌ಗಳ ಮೇಲೆ ನಡೆದ ಪ್ರಯೋಗಗಳು ಹೇಳುವುದೇ ಬೇರೆ. ಹುಟ್ಟಿನಿಂದಲೇ ಬಂದ, ಅಂದರೆ ಸಹಜ ರೋಗನಿರೋಧಕ ವ್ಯವಸ್ಥೆಯನ್ನು ಎಲ್ಲಿ ಎಬ್ಬಿಸುತ್ತೀರಿ, ಯಾವಾಗ ಎಬ್ಬಿಸುತ್ತೀರಿ, ಎಷ್ಟು ಹೊತ್ತು ಎಚ್ಚರವಾಗಿ ಇಡುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸೋಂಕಿನ ಮೂರನೇ ದಿನ ಕಾಪಾಡುವ ಅಣುವೇ ಹತ್ತನೇ ದಿನಕ್ಕೆ ಕೆಲಸಕ್ಕೆ ಬಾರದೆ ಹೋಗಬಹುದು.

ಮೊದಲ ಕೆಲವು ಗಂಟೆ

ಹಿಂದೆಂದೂ ಕಾಣದ ವೈರಸ್ ಬಂದಾಗ ಅದಕ್ಕೆ ತಕ್ಕ ಪ್ರತಿಕಾಯ (ಆ್ಯಂಟಿಬಾಡಿ), ಟಿ ಕೋಶ ಎಂಬ ಬಿಳಿ ರಕ್ತಕಣಗಳು ಸಾಕಷ್ಟು ತಯಾರಾಗಲು ಒಂದರಿಂದ ಎರಡು ವಾರ ಬೇಕು. ಫ್ಲೂ ವೈರಸ್ಸಿಗೆ ಅಷ್ಟು ಪುರಸೊತ್ತಿಲ್ಲ. ಒಂದು ಕೋಶದೊಳಗೆ ಹೊಕ್ಕು, ಒಂದು ದಿನ ಕಳೆಯುವುದರೊಳಗೆ ಅದರ ಮರಿಗಳು ಹೊರಗೆ ಬಂದಿರುತ್ತವೆ. ನಡುವಿನ ಈ ಅಂತರವನ್ನು ತುಂಬುವುದು ಹುಟ್ಟಿನಿಂದಲೇ ಬಂದ ಕಾವಲು: ಮೂಗಿನ ಲೋಳೆ, ಆ ಲೋಳೆಯನ್ನು ಗಂಟಲಿನತ್ತ ಗುಡಿಸುತ್ತಲೇ ಇರುವ ಸೂಕ್ಷ್ಮ ರೋಮಗಳು, ಕೋಶಗಳ ಒಳಗೆ ಕುಳಿತ ಸಂವೇದಕಗಳು. ಇದು ಇಂಥದೇ ವೈರಸ್ ಎಂದು ಸಂವೇದಕಗಳಿಗೆ ತಿಳಿಯದು. ‘ಇಲ್ಲಿ ಇರಬಾರದ ಆರ್‌ಎನ್‌ಎ ಇಲ್ಲಿದೆ’ ಎಂಬಷ್ಟೇ ಅವಕ್ಕೆ ಗೊತ್ತಾಗುವುದು. ಟಿಎಲ್‌ಆರ್3, ಟಿಎಲ್‌ಆರ್7, ರಿಗ್-ಐ ಎಂದು ಅವುಗಳ ಹೆಸರು. ಅವು ಕೆರಳಿದರೆ ಕೋಶ ಇಂಟರ್ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನು ಸುರಿಸುತ್ತದೆ. ಅದು ತಗುಲಿದ ಅಕ್ಕಪಕ್ಕದ ಕೋಶಗಳು ನೂರಾರು ಜೀನ್‌ಗಳನ್ನು ಚಾಲೂ ಮಾಡಿಕೊಂಡು ಬಾಗಿಲು ಭದ್ರ ಮಾಡಿಕೊಳ್ಳುತ್ತವೆ.

1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಇದನ್ನು ಕಂಡುಹಿಡಿದ ಬಗೆ ತುಂಬ ಸರಳ. ಬಿಸಿಮಾಡಿ ಕೊಂದ ಫ್ಲೂ ವೈರಸ್ಸಿನ ಜೊತೆ ಕೋಳಿಮೊಟ್ಟೆಯೊಳಗಿನ ಪೊರೆಯನ್ನು ದ್ರವದಲ್ಲಿ ನೆನೆಸಿಟ್ಟರು. ಆಮೇಲೆ ಆ ದ್ರವವನ್ನು ಮಾತ್ರ ತೆಗೆದು ಹೊಸ ಪೊರೆಗೆ ಸೋಕಿಸಿದರು. ಹೊಸ ಪೊರೆಯಲ್ಲಿ ಜೀವಂತ ವೈರಸ್ಸೂ ಬೆಳೆಯಲಿಲ್ಲ. ದ್ರವಕ್ಕೆ ಇಳಿದಿದ್ದ, ವೈರಸ್ಸಿಗೆ ಅಡ್ಡಬರುವ ಆ ವಸ್ತುವೇ ಇಂಟರ್ಫೆರಾನ್.

ಚಳಿಗೆ ನೆಗಡಿ ಆಗುತ್ತದೆ ಎಂಬ ಅಜ್ಜಿಯ ಮಾತಿಗೂ ಇಲ್ಲಿ ಒಂದು ಎಳೆ ಸಿಗುತ್ತದೆ. ಮೂಗಿನ ಒಳಗಿನ ತಾಪ ಸುಮಾರು 33 ಡಿಗ್ರಿ, ಶ್ವಾಸಕೋಶದ್ದು 37. ನೆಗಡಿಯ ರೈನೊವೈರಸ್ 33ರಲ್ಲಿ ಚೆನ್ನಾಗಿ ಬೆಳೆಯುವುದಕ್ಕೆ ಒಂದು ಕಾರಣವನ್ನು ಯೇಲ್ ವಿಶ್ವವಿದ್ಯಾಲಯದವರು 2015ರಲ್ಲಿ ಇಲಿಯ ಕೋಶಗಳಲ್ಲಿ ತೋರಿಸಿದರು: ಆ ತಾಪದಲ್ಲಿ ಇಂಟರ್ಫೆರಾನ್ ಎಚ್ಚರಿಕೆಯೇ ಮಂಕಾಗುತ್ತದೆ.

ಈ ಎಚ್ಚರಿಕೆ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಕೋವಿಡ್ ತೋರಿಸಿತು. ಜೀವಕ್ಕೆ ಅಪಾಯವಾಗುವಷ್ಟು ನ್ಯುಮೋನಿಯಾ ಆದ 987 ರೋಗಿಗಳ ರಕ್ತವನ್ನು 2020ರಲ್ಲಿ ಪರೀಕ್ಷಿಸಿದಾಗ 101 ಮಂದಿಯಲ್ಲಿ ತಮ್ಮದೇ ಇಂಟರ್ಫೆರಾನನ್ನು ಹೊಡೆದುಹಾಕುವ ಪ್ರತಿಕಾಯಗಳು ಸಿಕ್ಕವು. ಸೋಂಕಿದ್ದೂ ರೋಗಲಕ್ಷಣ ಇಲ್ಲದ ಅಥವಾ ಅಲ್ಪಸ್ವಲ್ಪ ಇದ್ದವರಲ್ಲಿ ಅವು ಒಬ್ಬರಲ್ಲೂ ಇರಲಿಲ್ಲ.

ಹಾಗಾದರೆ ಇಂಟರ್ಫೆರಾನನ್ನೇ ಚುಚ್ಚಿದರೆ?

ಸಹಜವಾದ ಪ್ರಶ್ನೆ, ಮಾಡಿಯೂ ನೋಡಿದ್ದಾರೆ. ಆಸ್ಪತ್ರೆಗೆ ದಾಖಲಾದ ಕೋವಿಡ್ ರೋಗಿಗಳಿಗೆ ಇಂಟರ್ಫೆರಾನ್ ಬೀಟಾ ಕೊಟ್ಟ ವಿಶ್ವ ಆರೋಗ್ಯ ಸಂಸ್ಥೆಯ ಸಾಲಿಡಾರಿಟಿ ಪ್ರಯೋಗದಲ್ಲಿ ಸಾವು ಕಡಿಮೆಯಾಗಲಿಲ್ಲ. ಆಮೇಲೆ ಬ್ರೆಜಿಲ್ ಮತ್ತು ಕೆನಡಾದಲ್ಲಿ ನಡೆದ ಟುಗೆದರ್ ಪ್ರಯೋಗದಲ್ಲಿ ಲಕ್ಷಣ ಕಾಣಿಸಿ ಏಳು ದಿನದೊಳಗೆ ಪೆಗ್-ಇಂಟರ್ಫೆರಾನ್ ಲ್ಯಾಂಬ್ಡಾ ಎಂಬ ಇನ್ನೊಂದು ಬಗೆಯ ಇಂಟರ್ಫೆರಾನಿನ ಒಂದೇ ಒಂದು ಚುಚ್ಚುಮದ್ದು ಕೊಟ್ಟರು. ಆಸ್ಪತ್ರೆಗೆ ಸೇರಬೇಕಾದವರು ಅಥವಾ ತುರ್ತು ವಿಭಾಗದಲ್ಲಿ ಹೊತ್ತುಗಟ್ಟಲೆ ಉಳಿಯಬೇಕಾದವರು ಶೇ 5.6ರಿಂದ ಶೇ 2.7ಕ್ಕೆ ಇಳಿದರು. ಎರಡರ ನಡುವಿನ ವ್ಯತ್ಯಾಸದಲ್ಲಿ ಬಹುಪಾಲು ಹೊತ್ತಿನದು. ಆಸ್ಪತ್ರೆಗೆ ಬರುವ ವೇಳೆಗೆ ವೈರಸ್ ತನ್ನ ಕೆಲಸ ಮುಗಿಸಿ, ಉರಿಯೂತವೇ ಶ್ವಾಸಕೋಶವನ್ನು ಹಾಳುಮಾಡುತ್ತಿರುತ್ತದೆ. ಆಗ ಇನ್ನಷ್ಟು ಗಂಟೆ ಬಾರಿಸಿ ಪ್ರಯೋಜನವಿಲ್ಲ. ಉಳಿದ ಪಾಲು ಜಾಗದ್ದು. ಬೀಟಾಗೆ ಓಗೊಡುವ ಗ್ರಾಹಕಗಳು (ರಿಸೆಪ್ಟರ್) ಮೈಯೆಲ್ಲ ಇವೆ. ಲ್ಯಾಂಬ್ಡಾದವು ಹೆಚ್ಚಾಗಿ ಉಸಿರಾಟದ ನಾಳ, ಕರುಳು, ಯಕೃತ್ತಿನ ಮೇಲ್ಪದರದಲ್ಲಿ. ಆದ್ದರಿಂದ ಲ್ಯಾಂಬ್ಡಾ ಚುಚ್ಚಿದಾಗ ಜ್ವರ, ಮೈಕೈ ನೋವಿನ ಕಾಟ ಕಡಿಮೆ.

ಅಂದಹಾಗೆ, ಫ್ಲೂ ಬಂದಾಗ ಮೈಯೆಲ್ಲ ಜಜ್ಜಿದಂತೆ ಆಗುವುದರಲ್ಲಿ ವೈರಸ್ಸಿಗಿಂತ ಇಂಟರ್ಫೆರಾನ್ ಮತ್ತು ಅದರ ಬಳಗದ ಪಾಲೇ ದೊಡ್ಡದು. ಈ ವ್ಯವಸ್ಥೆ ಸದಾ ಚಾಲೂ ಇರುವ ಜನ ಕೂಡ ಇದ್ದಾರೆ. ಐಕಾರ್ಡಿ-ಗುಟಿಯೆರ್ ಸಿಂಡ್ರೋಮ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ವೈರಸ್ ಇಲ್ಲದೆಯೇ ಇಂಟರ್ಫೆರಾನ್ ಹರಿಯುತ್ತಿರುತ್ತದೆ, ಎಳೆಗೂಸುಗಳ ಮಿದುಳು ಹಾಳಾಗುತ್ತದೆ. ದೇಹ ತನ್ನನ್ನೇ ದಾಳಿ ಮಾಡಿಕೊಳ್ಳುವ ಲೂಪಸ್ ಕಾಯಿಲೆಯ ರೋಗಿಗಳಲ್ಲಿ ಅನೇಕರ ರಕ್ತದಲ್ಲಿ ಇದೇ ಗುರುತು. ವರ್ಷವಿಡೀ ‘ಬೂಸ್ಟ್’ ಆಗಿರುವ ಸಹಜ ರೋಗನಿರೋಧಕ ಶಕ್ತಿಗೆ ವೈದ್ಯಶಾಸ್ತ್ರದಲ್ಲಿ ಕಾಯಿಲೆಯ ಹೆಸರುಗಳೇ ಇವೆ.

ಬಿಸಿಜಿಯ ಆಸೆ, ಬಿಸಿಜಿಯ ಪೆಟ್ಟು

ಸಹಜ ವ್ಯವಸ್ಥೆಗೆ ನೆನಪಿಲ್ಲ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ನೆದರ್ಲೆಂಡ್ಸ್‌ನ ನೈಮೇಗನ್‌ನಲ್ಲಿರುವ ಮಿಹಾಯ್ ನೆಟೆಯ ಮತ್ತು ಸಂಗಡಿಗರು 2011ರಲ್ಲಿ ಇದಕ್ಕೆ ತಿದ್ದುಪಡಿ ಸೂಚಿಸಿ ‘ತರಬೇತಾದ ರೋಗನಿರೋಧಕತೆ’ ಎಂಬ ಹೆಸರಿಟ್ಟರು. ಕ್ಷಯದ ಲಸಿಕೆ ಬಿಸಿಜಿ ಹಾಕಿದ ಮೇಲೆ ರಕ್ತದ ಬಿಳಿ ಕಣಗಳಾದ ಮೋನೊಸೈಟ್‌ಗಳಲ್ಲಿ ಡಿಎನ್‌ಎ ಸುತ್ತಿಕೊಂಡ ರೀತಿ ಬದಲಾಗಿ, ಕೆಲವು ತಿಂಗಳು ಅವು ಬೇರೆ ರೋಗಾಣುಗಳಿಗೂ ಚುರುಕಾಗಿ ಪ್ರತಿಕ್ರಿಯಿಸುತ್ತವೆ. ಗ್ರೀಸ್‌ನಲ್ಲಿ ಆಸ್ಪತ್ರೆಯಿಂದ ಮನೆಗೆ ಹೊರಟ ವೃದ್ಧರಿಗೆ ಬಿಸಿಜಿ ಕೊಟ್ಟಾಗ ಹೊಸ ಸೋಂಕುಗಳು ಶೇ 42.3ರಿಂದ ಶೇ 25ಕ್ಕೆ ಇಳಿದವು, ಅದರಲ್ಲೂ ಉಸಿರಾಟದ ಸೋಂಕುಗಳು. 2020ರಲ್ಲಿ ಈ ಸುದ್ದಿ ಬಂದಾಗ ನಮ್ಮಲ್ಲಿ ಹುಟ್ಟಿದ ಕೂಡಲೇ ಎಲ್ಲರಿಗೂ ಬಿಸಿಜಿ ಹಾಕಿರುವುದರಿಂದ ಭಾರತಕ್ಕೆ ಭಯವಿಲ್ಲ ಎಂಬ ಮಾತು ಎಲ್ಲೆಡೆ ಓಡಾಡಿತು. 2021ರ ಏಪ್ರಿಲ್, ಮೇ ತಿಂಗಳು ಅದಕ್ಕೆ ಉತ್ತರ ಕೊಟ್ಟವು. ಎಳೆಗೂಸಿನ ಎಡತೋಳಿಗೆ ಹಾಕಿದ 0.05 ಮಿಲಿಲೀಟರಿನ ಆ ತರಬೇತಿ ಐವತ್ತು ವರ್ಷ ಉಳಿಯುತ್ತದೆ ಎಂದು ಯಾವ ಪ್ರಯೋಗವೂ ತೋರಿಸಿರಲಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು 2023ರಲ್ಲಿ. ಐದು ದೇಶಗಳ 3,988 ಆರೋಗ್ಯ ಕಾರ್ಯಕರ್ತರ ಬ್ರೇಸ್ ಪ್ರಯೋಗದಲ್ಲಿ ಆರು ತಿಂಗಳಲ್ಲಿ ಲಕ್ಷಣಸಹಿತ ಕೋವಿಡ್ ಬರುವ ಅಂದಾಜು ಬಿಸಿಜಿ ಗುಂಪಿನಲ್ಲಿ ಶೇ 14.7, ಹುಸಿಮದ್ದಿನ ಗುಂಪಿನಲ್ಲಿ ಶೇ 12.3. ಅಂದರೆ ಲಾಭವಿಲ್ಲ. ಆರೋಗ್ಯವಂತ ನಡುವಯಸ್ಸಿನವರ ಸಹಜ ವ್ಯವಸ್ಥೆ ಆಗಲೇ ಸಾಕಷ್ಟು ಚುರುಕಾಗಿದ್ದು, ಅದಕ್ಕೆ ಇನ್ನೂ ಚುರುಕು ಮುಟ್ಟಿಸಲು ಜಾಗವೇ ಇರಲಿಲ್ಲ ಎಂಬುದು ಒಂದು ವಿವರಣೆ. ನನಗೆ ಅದು ಒಪ್ಪುವಂತಿದೆ, ಸಾಬೀತಾಗಿಲ್ಲ. ಇಲಿಗಳಲ್ಲಿ ಮಾತ್ರ ಬಿಸಿಜಿ ಈಗಲೂ ಭರವಸೆ ಕೊಡುತ್ತದೆ. 2024ರಲ್ಲಿ ಸ್ಟ್ಯಾನ್‌ಫರ್ಡ್‌ನ ಬಾಲಿ ಪುಲೇಂದ್ರನ್ ತಂಡ ತೋರಿಸಿದ್ದೇನೆಂದರೆ, ಬಿಸಿಜಿಯಿಂದ ಎದ್ದ ಟಿ ಕೋಶಗಳು ಶ್ವಾಸಕೋಶದ ಕೋಶಗಳಿಗೆ ಸಂಕೇತ ಕಳಿಸುತ್ತಲೇ ಇದ್ದು, ಕೊರೊನಾ ಮತ್ತು ಫ್ಲೂ ಎರಡಕ್ಕೂ ತಡೆ ಒಡ್ಡುತ್ತವೆ. ಆ ಇಲಿಗಳಿಗೆ ಬಿಸಿಜಿ ಕೊಟ್ಟದ್ದು ರಕ್ತನಾಳಕ್ಕೆ. ನಮ್ಮಲ್ಲಿ ಲಸಿಕೆಯಾಗಿ ಅದನ್ನು ಚರ್ಮದೊಳಗೆ ಮಾತ್ರ ಕೊಡುತ್ತಾರೆ. ‘ಎಲ್ಲ ವೈರಸ್ಸಿಗೂ ಒಂದೇ ಮದ್ದು’ ಎಂಬ ತಲೆಬರಹ ಕಂಡಾಗ ಯಾವ ಪ್ರಾಣಿ, ಯಾವ ದಾರಿ, ಎಷ್ಟು ವಾರ ಎಂದು ಹುಡುಕಿ ಓದಿ.

ಮನೆಯಲ್ಲಿ ಮಾಡಬಹುದಾದದ್ದು, ಮಾಡಬಾರದ್ದು

ಇಲ್ಲಿ ಪುರಾವೆ ಇರುವ ಪಟ್ಟಿ ಬಹಳ ಚಿಕ್ಕದು. ನಿದ್ದೆ ಮೊದಲನೆಯದು: 164 ಸ್ವಯಂಸೇವಕರ ಮೂಗಿಗೆ ರೈನೊವೈರಸ್ ಹನಿ ಹಾಕಿ ನೋಡಿದ 2015ರ ಅಧ್ಯಯನದಲ್ಲಿ, ಏಳು ಗಂಟೆಗಿಂತ ಹೆಚ್ಚು ಮಲಗುವವರಿಗೆ ಹೋಲಿಸಿದರೆ ಐದು ಗಂಟೆಗೂ ಕಡಿಮೆ ಮಲಗುವವರಿಗೆ ನೆಗಡಿಯಾಗುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಸಿಗರೇಟಿನ ಹೊಗೆ, ಸೌದೆ ಒಲೆಯ ಹೊಗೆ ಮೂಗಿನಿಂದ ಶ್ವಾಸಕೋಶದವರೆಗಿನ ಆ ಗುಡಿಸುವ ರೋಮಗಳನ್ನೇ ಸುಡುತ್ತದೆ. ವಿಟಮಿನ್ ಸಿ ದಿನಾ ತಿಂದವರಿಗೆ ನೆಗಡಿ ಬರುವುದು ತಪ್ಪಲಿಲ್ಲ, ಬಂದಾಗ ದೊಡ್ಡವರಲ್ಲಿ ಶೇ 8ರಷ್ಟು ಬೇಗ ಹೋಯಿತು. ವಿಟಮಿನ್ ಡಿ ವಿಚಾರದಲ್ಲಿ 2017ರಲ್ಲಿ ಕಂಡ ಸಣ್ಣ ಲಾಭ ಹೊಸ ಪ್ರಯೋಗಗಳು ಸೇರುತ್ತ ಹೋದಂತೆ ಕರಗಿತು.

ಉಪ್ಪುನೀರು ಮಾತ್ರ ಅನಿರೀಕ್ಷಿತವಾಗಿ ಗೆದ್ದಿದೆ. ಬ್ರಿಟನ್ನಿನಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನೆಗಡಿಯ ಮೊದಲ ಸುಳಿವಿಗೇ ಮೂಗಿಗೆ ಲವಣದ್ರಾವಣ ಸಿಂಪಡಿಸಿಕೊಂಡವರು ಆರು ತಿಂಗಳಲ್ಲಿ ಸರಾಸರಿ 6.4 ದಿನ ಕಾಯಿಲೆ ಬಿದ್ದರು, ಮಾಮೂಲಿ ಆರೈಕೆಯಷ್ಟೇ ಪಡೆದವರು 8.2 ದಿನ. ಮೂಗಿನ ಕೋಶಗಳು ಉಪ್ಪಿನ ಕ್ಲೋರೈಡ್ ಬಳಸಿ ತಮ್ಮೊಳಗೇ ಹೈಪೊಕ್ಲೋರಸ್ ಆಮ್ಲ, ಅಂದರೆ ಬ್ಲೀಚಿನ ಸಾರ, ತಯಾರಿಸಿಕೊಳ್ಳುತ್ತವೆ ಎಂಬ ಪ್ರಯೋಗಾಲಯದ ಸಾಕ್ಷ್ಯವೂ ಇದೆ. ಮನೆಯಲ್ಲಿ ಮಾಡಿಕೊಳ್ಳುವುದಾದರೆ ಕಾಲು ಲೀಟರ್ ನೀರಿಗೆ ಎರಡೂಕಾಲು ಗ್ರಾಂ ಉಪ್ಪು, ಅಂದರೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ. ಹೆಚ್ಚು ಹಾಕಿದರೆ ಉರಿ, ಹಾಕದಿದ್ದರೂ ಉರಿ. ನೀರು ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ ನೀರನ್ನು ನೇರವಾಗಿ ಮೂಗಿಗೆ ಏರಿಸಿದರೆ ಮಿದುಳಿಗೆ ಹತ್ತುವ ಅಮೀಬಾದ ಅಪಾಯವಿದೆ. ಜಲನೇತಿ ಮಾಡುವವರೂ ಇದನ್ನು ಮರೆಯಬಾರದು.

ಇನ್ನು ಮಾಡಬಾರದ್ದು. ನಿಯೊಮೈಸಿನ್ ಎಂಬ ಹಳೆಯ ಆ್ಯಂಟಿಬಯೋಟಿಕ್ಕನ್ನು ಇಲಿಗಳ ಮೂಗಿಗೆ ಹಾಕಿದಾಗ ಇಂಟರ್ಫೆರಾನ್ ಜೀನ್‌ಗಳು ಎದ್ದು ವೈರಸ್ ತಗ್ಗಿತು ಎಂದು 2024ರಲ್ಲಿ ವರದಿಯಾಯಿತು. ಅಷ್ಟಕ್ಕೇ ನಿಯೊಮೈಸಿನ್ ಇರುವ ನಿಯೊಸ್ಪೊರಿನ್ ಮುಲಾಮನ್ನು ದಿನಾ ಮೂಗಿಗೆ ಸವರಿಕೊಳ್ಳುವುದು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಸಾಕಿದ ಹಾಗೆ. ಸತುವಿನ ಮೂಗಿನ ಜೆಲ್ ಬಳಸಿ ವಾಸನಾಶಕ್ತಿ ಕಳೆದುಕೊಂಡವರ ದೂರುಗಳ ನಂತರ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಎಚ್ಚರಿಕೆ ಕೊಡಬೇಕಾಯಿತು. ಅಮೃತಬಳ್ಳಿಯದು ನಮ್ಮ ಹಿತ್ತಲಿನದೇ ಪಾಠ. ಕೋವಿಡ್ ಕಾಲದಲ್ಲಿ ವಾರಗಟ್ಟಲೆ ಅದನ್ನು ಸೇವಿಸಿ ಯಕೃತ್ತಿಗೆ ಪೆಟ್ಟಾದ 43 ರೋಗಿಗಳನ್ನು ದೇಶದ 13 ಆಸ್ಪತ್ರೆಗಳ ವೈದ್ಯರು 2022ರಲ್ಲಿ ದಾಖಲಿಸಿದರು. ಅದು ತನ್ನ ಯಕೃತ್ತನ್ನು ತಾನೇ ದಾಳಿ ಮಾಡುವ ಕಾಯಿಲೆಯಂತೆ ಕಾಣುತ್ತಿತ್ತು. ಅಮೃತಬಳ್ಳಿಯನ್ನು ಇದಕ್ಕೆ ಹೊಣೆ ಮಾಡುವುದನ್ನು ಆಯುಷ್ ಸಚಿವಾಲಯ ಒಪ್ಪಲಿಲ್ಲ. ಹಾಗಿದ್ದರೂ ಥೈರಾಯ್ಡ್ ಅಥವಾ ಬೇರೆ ಆಟೊಇಮ್ಯೂನ್ ತೊಂದರೆ ಇರುವವರು ಇಂಥದ್ದನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಕುಡಿಯಬಾರದು.

ಪಟಿಕದಿಂದ ಸಾಬೂನು ಮರದವರೆಗೆ

ಸ್ಥಳ, ಸಮಯ, ಪ್ರಮಾಣ ಮೂರನ್ನೂ ಹಿಡಿತದಲ್ಲಿಟ್ಟು ಸಹಜ ವ್ಯವಸ್ಥೆಯನ್ನು ಎಬ್ಬಿಸುವ ಕೆಲಸ ಲಸಿಕೆ ತಯಾರಿಸುವವರಿಗೆ ನೂರು ವರ್ಷದಿಂದ ಗೊತ್ತು. ಅಡ್ಜುವಂಟ್ ಎಂದು ಕರೆಯುವ ಸಹಾಯಕ ವಸ್ತು ಅದು. 1920ರ ದಶಕದಲ್ಲಿ ಫ್ರಾನ್ಸಿನ ಗ್ಯಾಸ್ಟನ್ ರಾಮೊನ್ ಕುದುರೆಗಳಿಗೆ ಡಿಫ್ತೀರಿಯಾ ಟಾಕ್ಸಾಯ್ಡ್ (ನಂಜು ತೆಗೆದ ರೋಗಾಣು ವಿಷ) ಚುಚ್ಚುವಾಗ ಟ್ಯಾಪಿಯೋಕ, ಬ್ರೆಡ್ಡಿನ ಪುಡಿ ಮುಂತಾದವನ್ನು ಬೆರೆಸಿ ನೋಡಿದ. ಚುಚ್ಚಿದ ಜಾಗ ಊದಿದಷ್ಟೂ ಪ್ರತಿಕಾಯ ಹೆಚ್ಚು. 1926ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಗ್ಲೆನಿ ಪಟಿಕ ಬಳಸಿದ. ಹೌದು, ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಉಜ್ಜುವ, ಕೊಡದ ನೀರು ತಿಳಿ ಮಾಡುವ ಅದೇ ಪಟಿಕ. ಅದರ ಬಂಧುಗಳಾದ ಅಲ್ಯುಮಿನಿಯಂ ಹೈಡ್ರಾಕ್ಸೈಡ್, ಅಲ್ಯುಮಿನಿಯಂ ಫಾಸ್ಫೇಟ್ ಇಂದಿಗೂ ನಮ್ಮ ಐದು ರೋಗ ತಡೆಯುವ ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ನ್ಯುಮೋಕಾಕಲ್ ಲಸಿಕೆಗಳಲ್ಲಿವೆ.

ಪಟಿಕ ಏಕೆ ಕೆಲಸ ಮಾಡುತ್ತದೆ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದನ್ನು ತಮ್ಮ ಶಾಸ್ತ್ರದ ಕೊಳಕು ಗುಟ್ಟು ಎಂದು ಅಮೆರಿಕದ ರೋಗನಿರೋಧಕ ಶಾಸ್ತ್ರಜ್ಞ ಚಾರ್ಲ್ಸ್ ಜೇನ್‌ವೇ 1989ರಲ್ಲಿ ಬಹಿರಂಗವಾಗಿಯೇ ಹೇಳಿದರು. ಎಚ್ಚರಿಕೆಯ ಗಂಟೆ ಬಾರಿಸದೆ ಬರೀ ಪ್ರೋಟೀನು ತೋರಿಸಿದರೆ ದೇಹ ಕಲಿಯುವುದಿಲ್ಲ ಎಂಬುದು ಅವರ ತರ್ಕ. 1996ರಲ್ಲಿ ಜೂಲ್ಸ್ ಹಾಫ್‌ಮನ್ ತಂಡ ಹಣ್ಣುನೊಣದಲ್ಲಿ, 1998ರಲ್ಲಿ ಬ್ರೂಸ್ ಬ್ಯೂಟ್ಲರ್ ತಂಡ ಇಲಿಯಲ್ಲಿ ಆ ಗಂಟೆಗಳನ್ನು, ಅಂದರೆ ಟಿಎಲ್‌ಆರ್ ಬಳಗದ ಸಂವೇದಕಗಳನ್ನು, ಪತ್ತೆಹಚ್ಚಿದರು. ಇಬ್ಬರಿಗೂ 2011ರ ನೊಬೆಲ್ ಬಂತು. ಅಲ್ಲಿಂದಾಚೆಗೆ ಅಡ್ಜುವಂಟ್‌ಗಳನ್ನು ಬೇಕೆಂದೇ ಆರಿಸುವ ಕಾಲ ಶುರುವಾಯಿತು. ಕೋವ್ಯಾಕ್ಸಿನ್‌ನ ಇಮಿಡಜೊಕ್ವಿನೊಲಿನ್ ಬಡಿಯುವುದು ಟಿಎಲ್‌ಆರ್7 ಮತ್ತು 8ನ್ನು. ಅಮೆರಿಕದ ಕಾನ್ಸಾಸ್‌ನ ವೈರೊವ್ಯಾಕ್ಸ್ ಅದನ್ನು ರೂಪಿಸಿತ್ತು. ಚರ್ಮದ ವೈದ್ಯರು ನರುಳ್ಳೆಗೆ ಬರೆದುಕೊಡುವ ಇಮಿಕ್ವಿಮಾಡ್ ಮುಲಾಮು ಇದರ ದಾಯಾದಿ. ಈ ಅಣು ಪುಟ್ಟದಾಗಿರುವುದರಿಂದ ಬರಿದೇ ಚುಚ್ಚಿದರೆ ರಕ್ತಕ್ಕೆ ಸೇರಿ ಮೈಯೆಲ್ಲ ಜ್ವರ ಎಬ್ಬಿಸುತ್ತದೆ. ಅದಕ್ಕೇ ಜೆಲ್ಲಿಗೆ ಅಂಟಿಸುವುದು: ಗದ್ದಲ ತೋಳು ಮತ್ತು ಕಂಕುಳಿನ ದುಗ್ಧಗ್ರಂಥಿ ದಾಟಬಾರದು. ಇನ್ನೊಂದು ಕೋವಿಡ್ ಲಸಿಕೆ ಕಾರ್ಬೆವ್ಯಾಕ್ಸ್‌ನಲ್ಲಿ 25 ಮೈಕ್ರೊಗ್ರಾಂ ಪ್ರೋಟೀನಿಗೆ 750 ಮೈಕ್ರೊಗ್ರಾಂ ಅಲ್ಯುಮಿನಿಯಂ, ಟಿಎಲ್‌ಆರ್9ನ್ನು ತಟ್ಟುವ ಸಿಪಿಜಿ ಎಂಬ ಡಿಎನ್‌ಎ ತುಣುಕು ಇನ್ನೊಂದು 750.

ವಯಸ್ಸಾದವರಲ್ಲಿ ಇದರ ಬೆಲೆ ಎದ್ದು ಕಾಣುತ್ತದೆ. ಅರವತ್ತು ದಾಟಿದ ಮೇಲೆ ಸಹಜ ವ್ಯವಸ್ಥೆ ವಿಚಿತ್ರ ಸ್ಥಿತಿಗೆ ಬರುತ್ತದೆ: ಸದಾ ಸಣ್ಣಗೆ ಹೊಗೆಯಾಡುತ್ತಿರುತ್ತದೆ, ಬೆಂಕಿ ಬಿದ್ದಾಗ ಉರಿಯುವುದಿಲ್ಲ. ಸರ್ಪಸುತ್ತಿಗೆ ಹಳೆಯ ಜೀವಂತ ಲಸಿಕೆಯ ರಕ್ಷಣೆ ಅರವತ್ತು ದಾಟಿದವರಲ್ಲಿ ಶೇ 51. ಎಎಸ್01 ಅಡ್ಜುವಂಟ್ ಸೇರಿಸಿದ ಶಿಂಗ್ರಿಕ್ಸ್‌ನದು ಎಪ್ಪತ್ತು ದಾಟಿದವರಲ್ಲೂ ಶೇ 90ರ ಸುತ್ತ. ಅದೇ ಎಎಸ್01ರ ಅರ್ಧ ಪ್ರಮಾಣ ಬಳಸಿ ಮಾಡಿದ ಆರ್‌ಎಸ್‌ವಿ ಎಂಬ ಉಸಿರಾಟದ ವೈರಸ್ಸಿನ ಲಸಿಕೆ ಅರೆಕ್ಸ್ವಿ, ವೃದ್ಧರ ಶ್ವಾಸಕೋಶಕ್ಕೆ ಇಳಿಯುವ ಕಾಯಿಲೆಯನ್ನು ಮೊದಲ ಋತುವಿನಲ್ಲಿ ಶೇ 82.6ರಷ್ಟು ತಡೆಯಿತು. ಎಎಸ್01ರಲ್ಲಿ ಇರುವುದು ಎರಡು: ವಿಷ ತೆಗೆದ ಬ್ಯಾಕ್ಟೀರಿಯಾ ಕೊಬ್ಬು, ಚಿಲಿ ದೇಶದ ಸಾಬೂನು ಮರದ ತೊಗಟೆಯ ಸ್ಯಾಪೊನಿನ್. ನಮ್ಮ ಅಂಟುವಾಳಕಾಯಿ, ಸೀಗೆಕಾಯಿ ನೊರೆಯುವುದೂ ಸ್ಯಾಪೊನಿನ್‌ನಿಂದಲೇ. ಹಾಗೆಂದು ಎಲ್ಲ ನೊರೆಯೂ ಅಡ್ಜುವಂಟ್ ಆಗದು. ಒಂದು ಡೋಸ್‌ಗೆ 25ರಿಂದ 50 ಮೈಕ್ರೊಗ್ರಾಂ ಮಾತ್ರ. ಮಿತಿ ಮೀರಿದರೆ ರಕ್ತಕಣಗಳೇ ಒಡೆಯುತ್ತವೆ.

ಎಂಆರ್‌ಎನ್‌ಎ ಲಸಿಕೆಯದು ಇದಕ್ಕೆ ತದ್ವಿರುದ್ಧ. ಅದು ಪ್ರೋಟೀನು ತಯಾರಿಸಲು ಕೋಶಕ್ಕೆ ಆರ್‌ಎನ್‌ಎ ರೂಪದ ಸೂಚನೆ ಕೊಡುತ್ತದೆ. ಹೊರಗಿನ ಆರ್‌ಎನ್‌ಎ ಕಂಡರೆ ಸಂವೇದಕಗಳು ಎಷ್ಟು ರೊಚ್ಚಿಗೇಳುತ್ತವೆ ಎಂದರೆ ಕೋಶ ಪ್ರೋಟೀನು ತಯಾರಿಯನ್ನೇ ನಿಲ್ಲಿಸಿಬಿಡುತ್ತದೆ, ಲಸಿಕೆ ಹುಟ್ಟುವ ಮೊದಲೇ ಸಾಯುತ್ತದೆ. ಆರ್‌ಎನ್‌ಎಯ ಒಂದು ಅಕ್ಷರವಾದ ಯುರಿಡಿನ್ ಬದಲು ಸ್ಯೂಡೊಯುರಿಡಿನ್ ಹಾಕಿ ಆ ಗದ್ದಲ ತಗ್ಗಿಸಿದ್ದು 2005ರಲ್ಲಿ ಕಾಟಲಿನ್ ಕಾರಿಕೊ ಮತ್ತು ಡ್ರೂ ವೈಸ್‌ಮನ್. ಸಹಜ ಶಕ್ತಿಯನ್ನು ಹದವಾಗಿ ಇಳಿಸಿದ್ದಕ್ಕೆ 2023ರ ನೊಬೆಲ್!

ಎಡವಿದ ಕಡೆಗಳು

2000ದ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಮೂಗಿಗೆ ಹಾಕುವ ಫ್ಲೂ ಲಸಿಕೆಯೊಂದು ಬಂತು. ಅದರ ಅಡ್ಜುವಂಟ್ ಇ-ಕೋಲಿ ಬ್ಯಾಕ್ಟೀರಿಯಾದ ವಿಷ. ತೆಗೆದುಕೊಂಡವರಲ್ಲಿ ಮುಖದ ಒಂದು ಪಕ್ಕ ಜೋಲುವ ಬೆಲ್ಸ್ ಪಾಲ್ಸಿಯ ಸಂಭವ 19 ಪಟ್ಟು ಹೆಚ್ಚಾಗಿ, ಲಸಿಕೆ ಮಾರುಕಟ್ಟೆಯಿಂದ ಹೋಯಿತು. ಉಸಿರಾಟದ ವೈರಸ್ಸನ್ನು ಮೂಗಿನಲ್ಲೇ ತಡೆಯಬೇಕೆಂದು ಎಲ್ಲರಿಗೂ ಗೊತ್ತಿದ್ದೂ ಮೂಗಿನ ಲಸಿಕೆಗಳು ಬೆರಳೆಣಿಕೆಯಷ್ಟೇ ಇರುವುದಕ್ಕೆ ಇದೂ ಒಂದು ಕಾರಣ. ಮೂಗಿನಿಂದ ನರಗಳು ಕೂಗಳತೆಯಲ್ಲಿವೆ. ಎರಡೂ ಹೊಳ್ಳೆಗೆ ನಾಲ್ಕು ನಾಲ್ಕು ಹನಿ ಹಾಕುವ ಭಾರತ್ ಬಯೋಟೆಕ್‌ನ ಇನ್‌ಕೋವ್ಯಾಕ್‌ನಲ್ಲಿ ಗದ್ದಲದ ಕೆಲಸವನ್ನು ಚಿಂಪಾಂಜಿಯ ಅಡಿನೊವೈರಸ್ ವಾಹಕವೇ ಮಾಡುತ್ತದೆ.

2009ರ ಎಚ್1ಎನ್1 ಕಾಲದ ಫ್ಲೂ ಲಸಿಕೆ ಪಾಂಡೆಮ್ರಿಕ್ಸ್‌ನಲ್ಲಿ ಎಎಸ್03 ಅಡ್ಜುವಂಟ್ ಇದ್ದುದರಿಂದ ಮಾಮೂಲಿ 15 ಮೈಕ್ರೊಗ್ರಾಂ ವೈರಸ್ ಪ್ರೋಟೀನಿನ ಬದಲು 3.75 ಸಾಕಾಯಿತು, ಒಬ್ಬರ ಲಸಿಕೆ ನಾಲ್ವರಿಗೆ. ಮರುವರ್ಷ ಫಿನ್ಲೆಂಡ್, ಸ್ವೀಡನ್‌ನ ಮಕ್ಕಳಲ್ಲಿ ಹಗಲೇ ನಿದ್ದೆಗೆ ಬೀಳುವ ನಾರ್ಕೊಲೆಪ್ಸಿ ಹೆಚ್ಚಿತು. ಅದೇ ಎಎಸ್03 ಇದ್ದ ಕೆನಡಾದ ಲಸಿಕೆಯಲ್ಲಿ ಅಷ್ಟು ಏರಿಕೆ ಕಾಣದ್ದರಿಂದ ತಪ್ಪೆಲ್ಲ ಅಡ್ಜುವಂಟಿನದೇ ಎನ್ನಲಾಗದು. ಆ ಕಾಯಿಲೆಗೆ ತುತ್ತಾದವರಲ್ಲಿ ಬಹುತೇಕರು ರೋಗನಿರೋಧಕ ವ್ಯವಸ್ಥೆಯ ಒಂದು ನಿರ್ದಿಷ್ಟ ಎಚ್‌ಎಲ್‌ಎ ಜೀನ್ ಉಳ್ಳವರು.

ಅಡ್ಜುವಂಟಿನ ಕೆಲಸವನ್ನು ನಾವೇ ಕೆಡಿಸುವ ದಾರಿಗಳೂ ಇವೆ. ಚುಚ್ಚಿಸುವ ಮೊದಲೇ ಪ್ಯಾರಸಿಟಮಾಲ್ ಕೊಡುವುದು ಒಂದು. ಝೆಕ್ ದೇಶದ 459 ಕೂಸುಗಳ ಮೇಲಿನ 2009ರ ಅಧ್ಯಯನದಲ್ಲಿ ಹೀಗೆ ಮುಂಚಿತವಾಗಿ ಕೊಟ್ಟಾಗ ಹಲವು ಲಸಿಕೆಗಳ ಪ್ರತಿಕಾಯ ಕಡಿಮೆಯಾಯಿತು. ಎಲ್ಲ ಲಸಿಕೆಗೂ ಈ ಮಾತು ಅನ್ವಯಿಸದು. ಆದರೂ ಜ್ವರ ಬಂದ ಮೇಲೆ ತೂಕಕ್ಕೆ ತಕ್ಕಷ್ಟು ಕೊಟ್ಟರೆ ಸಾಕು.

ಇನ್ನೊಂದು ಕಣ್ಣಿಗೆ ಬೀಳದ ದಾರಿ, ಫ್ರಿಜ್ಜು. ಬಿಸಿಗಿಂತ ಹೆಪ್ಪುಗಟ್ಟುವುದೇ ಅಲ್ಯುಮಿನಿಯಂ ಲಸಿಕೆಗೆ ದೊಡ್ಡ ಶತ್ರು. ಹೆಪಟೈಟಿಸ್ ಬಿ ಲಸಿಕೆ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೇ ಗಟ್ಟಿಯಾಗುತ್ತದೆ. ಜೆಲ್ಲಿನ ನವಿರು ಕಣಗಳು ಗುಂಪುಗುಂಪಾಗಿ ಅಂಟಿಕೊಂಡು, ಕರಗಿಸಿದರೂ ಬಿಡಿಯಾಗುವುದಿಲ್ಲ. ಅದಕ್ಕೇ ಲಸಿಕೆ ಇಡುವ ಫ್ರಿಜ್ಜಾದ ಐಎಲ್‌ಆರ್‌ನಲ್ಲಿ ಪೆಂಟಾವೇಲೆಂಟ್, ಹೆಪ್-ಬಿ, ಟಿಡಿ (ಧನುರ್ವಾಯು-ಡಿಫ್ತೀರಿಯಾ) ಸೀಸೆಗಳನ್ನು ಮೇಲಿನ ಬುಟ್ಟಿಯಲ್ಲಿಡುವುದು, ತಳದಲ್ಲಲ್ಲ. ಡೀಪ್ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ಲಸಿಕೆ ಒಯ್ಯುವ ಕ್ಯಾರಿಯರ್‌ಗೆ ಹಾಕದೆ, ಮೇಲೆ ಬೆವರೊಡೆದು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಹೊರಗಿಡುವುದೂ ಇದಕ್ಕೇ. ಅನುಮಾನ ಬಂದರೆ ಶೇಕ್ ಟೆಸ್ಟ್: ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ, ಅನುಮಾನದ ಸೀಸೆಯ ಜೊತೆ ಹತ್ತು ಹದಿನೈದು ಸೆಕೆಂಡ್ ಕುಲುಕಿ, ಎರಡನ್ನೂ ಬೆಳಕಿಗೆ ಎದುರಾಗಿ ಪಕ್ಕಪಕ್ಕ ಇಟ್ಟು ಅರ್ಧ ಗಂಟೆಯವರೆಗೆ ನೋಡಬೇಕು. ಹಾಳಾದದ್ದರಲ್ಲಿ ಬಿಳಿ ಮಡ್ಡಿ ಬೇಗ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಅನುಮಾನದ ಸೀಸೆಯೂ ಹಾಗೆ ಇಳಿದರೆ ಎಸೆಯಬೇಕು. ಸೀಸೆಯ ಮೇಲಿನ, ಬಿಸಿ ತಾಗಿದಷ್ಟೂ ಬಣ್ಣ ಗಾಢವಾಗುವ ವಿವಿಎಂ ಗುರುತು ನಂಬಿ ಕೂತರೆ ಆಗದು. ಅದು ಅಳೆಯುವುದು ಬಿಸಿಯನ್ನು ಮಾತ್ರ. ಒಳಗಿನ ಜೆಲ್ ಮಡ್ಡಿಯಾಗಿ ಹೋಗಿದ್ದರೂ ಅದರ ಚೌಕ ಬೆಳ್ಳಗೇ ಇರುತ್ತದೆ.